ಕರೆಂಟ್ ತಿನ್ನುವುದು ಬಿಸಿ, ಕಸ ಕೆಡಿಸುವುದು ಹಸಿ

"ಲೈಟ್ ಆರಿಸು, ಫ್ಯಾನ್ ಆರಿಸು" ಎಂದು ಮಕ್ಕಳಿಗೆ ಬೈಯದ ಮನೆ ಇಲ್ಲ. ಬೈಯಿರಿ, ತಪ್ಪಿಲ್ಲ. ಆದರೆ ಒಂದು ಸಲ ಲೆಕ್ಕ ಹಾಕಿ ನೋಡಿ. 9 ವ್ಯಾಟ್‌ನ ಎಲ್‌ಇಡಿ ಬಲ್ಬು ದಿನಕ್ಕೆ 5 ಗಂಟೆ ಉರಿದರೂ ತಿಂಗಳಿಗೆ ಒಂದೂವರೆ ಯೂನಿಟ್ ಕೂಡ ಆಗುವುದಿಲ್ಲ. 2000 ವ್ಯಾಟ್‌ನ ಗೀಸರ್ ದಿನಕ್ಕೆ ಅರ್ಧ ಗಂಟೆ ನೀರು ಕಾಯಿಸಿದರೆ ತಿಂಗಳಿಗೆ 30 ಯೂನಿಟ್. ಮನೆಯ ಬಲ್ಬುಗಳೆಲ್ಲ ಸೇರಿದರೂ ಬಚ್ಚಲಿನ ಆ ಒಂದು ಡಬ್ಬಕ್ಕೆ ಸಮ ಆಗುವುದು ಕಷ್ಟ.

ಕಸದ ಕಥೆಯೂ ಇಂಥದ್ದೇ. ಪ್ಲಾಸ್ಟಿಕ್ ಬಗ್ಗೆ ಎಲ್ಲರೂ ಮಾತಾಡುತ್ತೇವೆ. ಆದರೆ ನಮ್ಮ ಕಸದ ಬುಟ್ಟಿಯಲ್ಲಿ ಅರ್ಧಕ್ಕಿಂತ ಜಾಸ್ತಿ ತೂಕ ಇರುವುದು ತರಕಾರಿ ಸಿಪ್ಪೆ, ಉಳಿದ ಅನ್ನ, ಟೀ-ಕಾಫಿ ಚರಟದ್ದು. ಆ ಹಸಿ ಕಸ ತಾಗಿದರೆ ಚೆನ್ನಾಗಿದ್ದ ಪೇಪರ್, ರಟ್ಟು, ಕವರ್ ಕೂಡ ಗುಜರಿಯವರಿಗೆ ಬೇಡವಾಗುತ್ತದೆ. ಹಾಗಾಗಿ ಈ ಲೇಖನದಲ್ಲಿ ಎರಡೇ ಕಡೆ ಹೆಚ್ಚು ಹೊತ್ತು ನಿಲ್ಲುತ್ತೇನೆ: ಮನೆಯಲ್ಲಿ ಬಿಸಿ ಮಾಡುವ ಕೆಲಸ, ಆಮೇಲೆ ಹಸಿ ಕಸ. ಉಳಿದದ್ದನ್ನು ಬೇಗ ಬೇಗ ಮುಗಿಸುತ್ತೇನೆ.

ಮೊದಲು ಮೀಟರ್ ಹತ್ತಿರ ಹೋಗಿ

ಬಿಲ್ ಬಂದಾಗ ನಾವು ನೋಡುವುದು ಕೊನೆಯ ಮೊತ್ತ ಮಾತ್ರ. ಇನ್ನು ಮೇಲೆ "ಬಳಕೆ" ಎಂದಿರುವ ಸಾಲು ನೋಡಿ. ಅಲ್ಲಿರುವುದು ತಿಂಗಳ ಯೂನಿಟ್. 1000 ವ್ಯಾಟ್‌ನ ಯಾವುದೇ ಉಪಕರಣ ಒಂದು ಗಂಟೆ ನಡೆದರೆ 1 ಯೂನಿಟ್, ಅಷ್ಟೇ ಲೆಕ್ಕ. ಐರನ್ ಬಾಕ್ಸ್, ಮಿಕ್ಸಿ, ಗೀಸರ್ ಎಲ್ಲದರ ಮೇಲೂ ವ್ಯಾಟ್ ಬರೆದಿರುತ್ತದೆ.

ಇನ್ನೂ ಮಜವಾದ ಒಂದು ದಾರಿ ಇದೆ. ಡಿಜಿಟಲ್ ಮೀಟರ್ ಮೇಲೆ ಪುಟ್ಟ ಕೆಂಪು ದೀಪ ಮಿಟುಕುತ್ತಾ ಇರುತ್ತದೆ. ಯೂನಿಟ್‌ಗೆ ಅದು ಎಷ್ಟು ಸಲ ಮಿಟುಕುತ್ತದೆ ಎಂದು ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಎಷ್ಟೋ ಮೀಟರ್‌ಗಳಲ್ಲಿ ಅದು 3200. ಅಂಥ ಮೀಟರ್ ಇದ್ದರೆ, ಗೀಸರ್ ಒಂದೇ ಆನ್ ಆಗಿದ್ದಾಗ ದೀಪ ಸೆಕೆಂಡಿಗೆ ಹೆಚ್ಚುಕಡಿಮೆ ಎರಡು ಸಲ ಹೊಡೆದುಕೊಳ್ಳುತ್ತದೆ. ಟಿವಿ ಆರಿಸಿ ಸೆಟ್‌ಟಾಪ್ ಬಾಕ್ಸ್ ಮಾತ್ರ ಹಾಗೇ ಬಿಟ್ಟಾಗ ಎರಡು ನಿಮಿಷಕ್ಕೊಮ್ಮೆ ಮಿಟುಕೀತು. ಮಕ್ಕಳನ್ನು ಮೀಟರ್ ಮುಂದೆ ನಿಲ್ಲಿಸಿ, ಒಳಗಿಂದ ಒಂದೊಂದೇ ಸ್ವಿಚ್ ಹಾಕುತ್ತಾ ಬನ್ನಿ. ಯಾವುದು ಕರೆಂಟ್ ಕುಡಿಯುತ್ತದೆ ಎಂದು ಅವರೇ ಕೂಗಿ ಹೇಳುತ್ತಾರೆ.

ರಾತ್ರಿ ಮಲಗುವಾಗ ಫ್ರಿಡ್ಜ್ ಪ್ಲಗ್ ಸೇರಿ ಎಲ್ಲ ಸ್ವಿಚ್ ಆರಿಸಿ, ಹತ್ತು ನಿಮಿಷ ಬಿಟ್ಟು ದೀಪ ನೋಡಿ. ಇನ್ನೂ ಜೋರಾಗಿ ಮಿಟುಕುತ್ತಿದ್ದರೆ ಏನೋ ಮರೆತಿದ್ದೀರಿ, ಇಲ್ಲವೇ ವೈರಿಂಗ್‌ನಲ್ಲಿ ಸೋರಿಕೆ ಇದೆ. ಎರಡನೆಯದಾದರೆ ಎಲೆಕ್ಟ್ರಿಷಿಯನ್ ಕರೆಯಿರಿ. ನೀವೇ ಕೈ ಹಾಕಬೇಡಿ. ಫ್ರಿಡ್ಜ್ ಪ್ಲಗ್ ಮತ್ತೆ ಹಾಕುವುದು ಮಾತ್ರ ಮರೆಯಬೇಡಿ.

"ಗೃಹಜ್ಯೋತಿ ಇದೆಯಲ್ಲ, ಬಿಲ್ಲೇ ಬರಲ್ಲ, ಉಳಿಸಿ ಏನ್ ಮಾಡೋದು?" ಎಂದು ಕೇಳುವವರಿದ್ದಾರೆ. 2023ರಲ್ಲಿ ಬಂದ ಈ ಯೋಜನೆಯ ಲೆಕ್ಕ ಎಷ್ಟೋ ಜನರಿಗೆ ಸರಿಯಾಗಿ ಗೊತ್ತಿಲ್ಲ. ಎಲ್ಲರಿಗೂ 200 ಯೂನಿಟ್ ಉಚಿತ ಅಲ್ಲ. ಹೆಚ್ಚಿನ ಮನೆಗಳಿಗೆ 2022-23ರಲ್ಲಿ ತಿಂಗಳ ಸರಾಸರಿ ಎಷ್ಟಿತ್ತೋ ಅದಕ್ಕೆ ಶೇ 10 ಸೇರಿಸಿ ಮಿತಿ ಹಾಕಿದ್ದಾರೆ. ಸರಾಸರಿ 100 ಇದ್ದವರಿಗೆ 110 ಉಚಿತ. 130 ಬಳಸಿದರೆ ಮೇಲಿನ 20ಕ್ಕೆ ದುಡ್ಡು ಕಟ್ಟಬೇಕು. 200 ದಾಟಿದರೆ ಆ ತಿಂಗಳು ಪೂರ್ತಿ ಬಿಲ್ ನಿಮ್ಮದೇ. 195ರಲ್ಲಿ ನಿಲ್ಲುವ ಮನೆಗೂ 205ಕ್ಕೆ ಹೋಗುವ ಮನೆಗೂ ಸಾವಿರ ರೂಪಾಯಿಗಿಂತ ಜಾಸ್ತಿ ವ್ಯತ್ಯಾಸ ಬೀಳಬಹುದು. ಆ ಹತ್ತು ಯೂನಿಟ್ ಎಲ್ಲಿ ಉಳಿಸುವುದು? ಬಚ್ಚಲಲ್ಲೇ.

ಗೀಸರ್: ಕೊನೆಯವರು ಆರಿಸಿ ಒಳಗೆ ಹೋಗಲಿ

ಗೀಸರ್ ಹೇಗೆ ಕೆಲಸ ಮಾಡುತ್ತದೆ ಎಂದು ಸ್ವಲ್ಪ ನೋಡಿದರೆ ಉಳಿತಾಯ ತಾನೇ ಅರ್ಥವಾಗುತ್ತದೆ. ನೀವು ನಲ್ಲಿ ತಿರುಗಿಸಿದಾಗ ಮೇಲಿನ ಬಿಸಿ ನೀರು ಹೊರಗೆ ಬರುತ್ತದೆ. ಅಷ್ಟೇ ತಣ್ಣೀರು ಕೆಳಗಿನಿಂದ ಟ್ಯಾಂಕ್ ಒಳಗೆ ನುಗ್ಗುತ್ತದೆ. ಒಳಗಿನ ಥರ್ಮೋಸ್ಟಾಟ್ ಅದನ್ನು ಕಂಡು ತಕ್ಷಣ ಮತ್ತೆ ಕಾಯಿಸಲು ಶುರು ಮಾಡುತ್ತದೆ. ಇನ್ನೊಬ್ಬರು ಸ್ನಾನಕ್ಕೆ ಬರುವುದಿದ್ದರೆ ಅದು ಬೇಕಾದದ್ದೇ. ಆದರೆ ಮನೆಯಲ್ಲಿ ಕೊನೆಗೆ ಸ್ನಾನ ಮಾಡುವವರು ಸ್ವಿಚ್ ಆನ್ ಇಟ್ಟೇ ಒಳಗೆ ಹೋದರೆ, ಅವರು ಹೊರಗೆ ಬರುವ ಹೊತ್ತಿಗೆ ಯಾರಿಗೂ ಬೇಡದ ಇನ್ನೊಂದು ಟ್ಯಾಂಕ್ ನೀರು ಕಾದಿರುತ್ತದೆ. 15 ಲೀಟರ್ ಗೀಸರ್‌ನಲ್ಲಿ ಹಾಗೆ ಸುಮ್ನೆ ಹೋಗುವುದು ದಿನಕ್ಕೆ ಅರ್ಧ ಯೂನಿಟ್‌ಗಿಂತ ಸ್ವಲ್ಪ ಹೆಚ್ಚು. ತಿಂಗಳಿಗೆ 15ರ ಮೇಲೆ.

ಅದಕ್ಕೆ ಒಂದೇ ನಿಯಮ ಸಾಕು. ಕೊನೆಯವರು ಬಕೆಟ್ ತುಂಬಿಸುವ ಮುಂಚೆಯೇ ಸ್ವಿಚ್ ಆರಿಸಬೇಕು. ಟ್ಯಾಂಕ್‌ನಲ್ಲಿ ಇರುವ ನೀರು ಅವರಿಗೆ ಧಾರಾಳವಾಗಿ ಸಾಕು.

ಉಳಿದ ಅಭ್ಯಾಸಗಳು ಹೀಗೆ:

- 2000 ವ್ಯಾಟ್‌ನ ಗೀಸರ್‌ಗೆ 15 ಲೀಟರ್ ಕಾಯಿಸಲು 15-20 ನಿಮಿಷ, 25 ಲೀಟರ್‌ಗೆ ಸುಮಾರು ಅರ್ಧ ಗಂಟೆ ಸಾಕು. ಎದ್ದ ತಕ್ಷಣ ಸ್ವಿಚ್ ಹಾಕಿ, ಪೇಪರ್ ಓದಿ, ವಾಕಿಂಗ್ ಮುಗಿಸಿ ಬಂದು ಸ್ನಾನಕ್ಕೆ ಹೋಗುವ ಕ್ರಮ ಬಿಡಿ.
- ಒಬ್ಬರಾದ ಮೇಲೆ ಒಬ್ಬರು ಸ್ನಾನ ಮಾಡಿ. ಒಬ್ಬರು ಆರಕ್ಕೆ, ಒಬ್ಬರು ಒಂಬತ್ತಕ್ಕೆ ಎಂದಾದರೆ ನಡುವೆ ಕಾದ ನೀರು ತಣಿದು ಮತ್ತೆ ಕಾಯಬೇಕು.
- ಗೀಸರ್ ಕೆಳಗೆ ತಿರುಗಿಸುವ ಗುಂಡಿ ಇದ್ದರೆ 50-55 ಡಿಗ್ರಿಗೆ ಇಡಿ. 70 ಡಿಗ್ರಿಗೆ ಕಾಯಿಸಿ, ಆಮೇಲೆ ಅರ್ಧ ಬಕೆಟ್ ತಣ್ಣೀರು ಬೆರೆಸುವುದರಲ್ಲಿ ಅರ್ಥ ಇಲ್ಲ.
- ಬೋರ್‌ವೆಲ್ ನೀರಿನ ಮನೆಗಳಲ್ಲಿ ಒಳಗಿನ ಕಾಯಿಲ್ ಮೇಲೆ ಬಿಳಿ ಗಾರೆಯಂಥ ಪದರ ಕಟ್ಟುತ್ತದೆ. ನೀರು ಕಾಯಲು ಮೊದಲಿಗಿಂತ ಹೊತ್ತು ಹಿಡಿಯುತ್ತಿದ್ದರೆ, ಒಳಗೆ ಕುದಿಯುವ ಸದ್ದು ಬರುತ್ತಿದ್ದರೆ ಸರ್ವಿಸ್ ಮಾಡಿಸಿ. ಗಡಸು ನೀರಿದ್ದರೆ ವರ್ಷಕ್ಕೊಮ್ಮೆ ಮಾಡಿಸುವುದು ಒಳ್ಳೆಯದು.

ಸೋಲಾರ್ ಇರುವ ಮನೆಗಳಲ್ಲಿ ಬೇರೆಯದೇ ತೊಂದರೆ. ಮಳೆಗಾಲಕ್ಕೆಂದು ಟ್ಯಾಂಕ್ ಒಳಗೆ ಕರೆಂಟಿನ ಬ್ಯಾಕಪ್ ಕಾಯಿಲ್ ಇರುತ್ತದೆ. ಜುಲೈನಲ್ಲಿ ಹಾಕಿದ ಆ ಸ್ವಿಚ್ ಅಕ್ಟೋಬರ್ ಬಿಸಿಲಲ್ಲೂ ಆನ್ ಇರುತ್ತದೆ, ಯಾರೂ ನೋಡಿರುವುದಿಲ್ಲ. ಸ್ವಿಚ್ ಪಕ್ಕ "ಮೋಡ ಇದ್ದರೆ ಮಾತ್ರ" ಎಂದು ಒಂದು ಚೀಟಿ ಅಂಟಿಸಿ. ಬಿಸಿ ನೀರು ಬರುವ ಮುಂಚೆ ಪೈಪಿನಿಂದ ಬರುವ ತಣ್ಣೀರನ್ನು ಒಂದು ಬಕೆಟ್‌ಗೆ ಹಿಡಿದಿಡಿ. ಮನೆ ಒರೆಸಲು, ಬಟ್ಟೆ ನೆನೆಹಾಕಲು ಆಗುತ್ತದೆ.

ನೀರು ಉಳಿಸಿದರೂ ಕರೆಂಟ್ ಉಳಿಸಿದ ಹಾಗೇ. ಬೆಂಗಳೂರಿಗೆ ಬರುವ ಕಾವೇರಿ ನೀರು ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿ ಕಡೆಯಿಂದ ಪಂಪ್ ಆಗಿ ಎತ್ತರಕ್ಕೆ ಏರಿ ಬರುವಂಥದ್ದು. ಆಮೇಲೆ ನಮ್ಮ ಸಂಪಿನಿಂದ ತಾರಸಿಗೆ ಇನ್ನೊಂದು ಪಂಪ್. ಟ್ಯಾಂಕ್ ತುಂಬಿ ರಸ್ತೆಗೆ ಸುರಿಯುವಾಗ ಹೋಗುವುದು ನೀರೊಂದೇ ಅಲ್ಲ. ಟ್ಯಾಂಕ್ ತುಂಬಿದೊಡನೆ ಪಂಪ್ ತಾನೇ ಆರಿಸುವ ಫ್ಲೋಟ್ ಸ್ವಿಚ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಹಾಕಿಸಿ.

ಒಲೆ ಮುಂದೆ

14.2 ಕೆ.ಜಿ. ಸಿಲಿಂಡರ್ ಎಷ್ಟು ದಿನ ಬಂತು ಎಂಬುದು ಪ್ರತಿ ಮನೆಯಲ್ಲೂ ಗೊತ್ತಿರುವ ಲೆಕ್ಕ. ತಂದ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕುವ ಪದ್ಧತಿ ಇದ್ದೇ ಇದೆ. ಅದನ್ನು ಕೆಲವು ದಿನ ಮುಂದೆ ತಳ್ಳುವುದು ಹೇಗೆ?

ಬೇಳೆ, ಅಕ್ಕಿ ಅರ್ಧ ಗಂಟೆ ನೆನೆಯಲಿ. ಕಡಲೆಕಾಳು, ಅಲಸಂದೆ, ಹುರುಳಿ ರಾತ್ರಿಯೇ ನೆನೆಹಾಕಿ. ಕುಕ್ಕರ್‌ನಲ್ಲಿ ಕೆಳಗೆ ಬೇಳೆ, ಮೇಲಿನ ಡಬ್ಬಿಯಲ್ಲಿ ಅನ್ನ, ಅದರ ಮೇಲೆ ಹೋಳು. ಒಂದೇ ಉರಿಯಲ್ಲಿ ಊಟ ಮುಗಿಯುತ್ತದೆ. ಮೊದಲ ಕೂಗು ಬಂದ ತಕ್ಷಣ ಉರಿ ಸಣ್ಣ ಮಾಡಿ. ಒತ್ತಡ ಒಮ್ಮೆ ಏರಿದ ಮೇಲೆ ಅದನ್ನು ಹಿಡಿದಿಡಲು ಸಣ್ಣ ಉರಿ ಸಾಕು. ದೊಡ್ಡ ಉರಿಯಲ್ಲಿ ಬರುವ ಒಂದೊಂದು ಕೂಗೂ ನೀವು ದುಡ್ಡು ಕೊಟ್ಟು ಕಾಯಿಸಿದ ಹಬೆ. ಗ್ಯಾಸ್ ಆರಿಸಿದ ಮೇಲೆ ತಣ್ಣೀರು ಸುರಿದು ಮುಚ್ಚಳ ತೆಗೆಯಬೇಡಿ. ತಾನೇ ಇಳಿಯುವ ಆ ಹತ್ತು ನಿಮಿಷವೂ ಒಳಗೆ ಬೇಯುತ್ತಲೇ ಇರುತ್ತದೆ, ಹಾಗಾಗಿ ಒಂದು ಕೂಗು ಮುಂಚೆಯೇ ಆರಿಸಬಹುದು.

ಉರಿ ನೀಲಿ ಇರಬೇಕು. ಹಳದಿ ನಾಲಿಗೆ ಕಂಡರೆ, ಪಾತ್ರೆ ತಳ ಕಪ್ಪಾಗುತ್ತಿದ್ದರೆ ಬರ್ನರ್ ತೂತು ಕಟ್ಟಿಕೊಂಡಿದೆ ಎಂದರ್ಥ. ಹಾಲು, ಗಂಜಿ ಉಕ್ಕಿ ಒಣಗಿದ್ದು. ಬರ್ನರ್ ತೆಗೆದು ಬಿಸಿ ನೀರು, ಸೋಪಿನಲ್ಲಿ ನೆನೆಸಿ, ಹಳೇ ಟೂತ್‌ಬ್ರಶ್‌ನಿಂದ ಉಜ್ಜಿ, ತೂತುಗಳಿಗೆ ಸೂಜಿ ಹಾಕಿ, ಚೆನ್ನಾಗಿ ಒಣಗಿಸಿ ಮತ್ತೆ ಕೂರಿಸಿ. ಇನ್ನೊಂದು ವಿಷಯ: ಉರಿ ಪಾತ್ರೆಯ ಅಂಚು ದಾಟಿ ಮೇಲೆ ನೆಕ್ಕುತ್ತಿದ್ದರೆ ಅಷ್ಟೂ ದಂಡ. ಚಿಕ್ಕ ಕಾಫಿ ಪಾತ್ರೆಗೆ ಚಿಕ್ಕ ಬರ್ನರ್.

ಫ್ರಿಡ್ಜ್‌ನಿಂದ ತೆಗೆದ ಹಿಟ್ಟು, ಸಾರು, ಹಾಲನ್ನು ನೇರ ಒಲೆ ಮೇಲೆ ಇಡಬೇಡಿ. ಸ್ವಲ್ಪ ಹೊತ್ತು ಹೊರಗೆ ಇರಲಿ. ಇದಕ್ಕೆ ತಾಳ್ಮೆ ಬಿಟ್ಟು ಬೇರೇನೂ ಬೇಡ, ಅಲ್ವಾ?

ಫ್ರಿಡ್ಜ್, ಫ್ಯಾನ್, ಇತ್ಯಾದಿ

ಫ್ರಿಡ್ಜ್ 24 ಗಂಟೆಯೂ ಇರುವುದರಿಂದ ಅದರ ಮೇಲೆ ಕಣ್ಣಿಡಬೇಕು. ಗೋಡೆಯಿಂದ ನಾಲ್ಕು ಬೆರಳಾದರೂ ದೂರ ಇರಲಿ, ಹಿಂದಿನ ಬಿಸಿ ಹೊರಗೆ ಹೋಗಬೇಕು. ಬಾಗಿಲಿಗೆ ಒಂದು ಹತ್ತು ರೂಪಾಯಿ ನೋಟು ಸಿಕ್ಕಿಸಿ ಮುಚ್ಚಿ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ. ಸಲೀಸಾಗಿ ಜಾರಿ ಬಂದರೆ ರಬ್ಬರ್ ಸಡಿಲಾಗಿದೆ, ತಂಪು ಸೋರುತ್ತಿದೆ. ರಬ್ಬರ್ ಮಾತ್ರ ಬದಲಾಯಿಸಬಹುದು, ಫ್ರಿಡ್ಜ್ ಬದಲಾಯಿಸಬೇಕಿಲ್ಲ. ಬಿಸಿ ಸಾಂಬಾರ್ ಹಾಗೇ ತಳ್ಳಬೇಡಿ. ಹೊಸದು ಕೊಳ್ಳುವಾಗ ಸ್ಟಾರ್ ಎಣಿಸಿದರೆ ಸಾಲದು. ಆ ಚೀಟಿಯ ಮೇಲೆ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುತ್ತದೆ, ಅದನ್ನು ಹೋಲಿಸಿ ನೋಡಿ.

ಹಳೆಯ ಸೀಲಿಂಗ್ ಫ್ಯಾನ್‌ಗೆ 70-75 ವ್ಯಾಟ್ ಬೇಕು. ರಿಮೋಟ್ ಜೊತೆ ಬರುವ ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನ್‌ಗೆ ಸುಮಾರು 30. ದಿನಕ್ಕೆ 12 ಗಂಟೆ ತಿರುಗುವ ಒಂದು ಫ್ಯಾನ್ ಬದಲಾಯಿಸಿದರೆ ತಿಂಗಳಿಗೆ 16 ಯೂನಿಟ್ ಹತ್ತಿರ ಉಳಿತಾಯ. ಇದ್ದ ಫ್ಯಾನ್‌ಗಳನ್ನೆಲ್ಲ ಒಟ್ಟಿಗೆ ಕಿತ್ತು ಹಾಕಿಸುವುದು ನನ್ನ ಪ್ರಕಾರ ದುಂದು. ಮಲಗುವ ಕೋಣೆಯದನ್ನು ಮೊದಲು ಬದಲಾಯಿಸಿ, ಉಳಿದವು ಕೆಟ್ಟಾಗ ನೋಡೋಣ. ರಿಮೋಟ್ ಮಾತ್ರ ಒಂದು ಕಡೆ ಗೋಡೆಗೆ ಸಿಕ್ಕಿಸಿಡಿ. ರಾತ್ರಿ ಸೆಕೆಯಲ್ಲಿ ಹಾಸಿಗೆ ಕೊಡವಿ ಹುಡುಕುವ ಪಾಡು ಯಾರಿಗೂ ಬೇಡ.

ಕಲಬುರಗಿ, ರಾಯಚೂರು, ಬಳ್ಳಾರಿಯ ಬೇಸಿಗೆಯಲ್ಲಿ ಎಸಿ ಹಾಕಬೇಡಿ ಎಂದು ಬೆಂಗಳೂರಿನಲ್ಲಿ ಕೂತು ಹೇಳುವುದು ಸುಲಭ. ನಾನು ಹಾಗೆ ಹೇಳುವುದಿಲ್ಲ. 18ಕ್ಕೆ ಇಟ್ಟು ಕಂಬಳಿ ಹೊದೆಯಬೇಡಿ, ಅಷ್ಟೇ. 2020ರ ಜನವರಿಯಿಂದ ದೇಶದಲ್ಲಿ ಸ್ಟಾರ್ ಗುರುತಿನ ರೂಮ್ ಎಸಿಗಳನ್ನು ಆನ್ ಮಾಡಿದರೆ ಮೊದಲಿಗೆ 24 ಡಿಗ್ರಿಯೇ ಬರಬೇಕು ಎಂಬ ನಿಯಮ ಇದೆ. ಒಂದೊಂದು ಡಿಗ್ರಿ ಮೇಲೇರಿಸಿದರೂ ಸುಮಾರು ಶೇ 6 ಕರೆಂಟ್ ಉಳಿಯುತ್ತದೆ ಎನ್ನುವುದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಲೆಕ್ಕ. 26ಕ್ಕೆ ಇಟ್ಟು ಜೊತೆಗೆ ಫ್ಯಾನ್ ನಿಧಾನಕ್ಕೆ ತಿರುಗಲಿ. ಫಿಲ್ಟರ್ ತಿಂಗಳಿಗೊಮ್ಮೆ ತೊಳೆಯಿರಿ.

ವಾಷಿಂಗ್ ಮೆಷಿನ್‌ನಲ್ಲೂ ಮೋಟಾರ್‌ಗಿಂತ ನೀರು ಕಾಯಿಸುವುದೇ ಖರ್ಚು. ದಿನದ ಬಟ್ಟೆಗೆ ತಣ್ಣೀರು ಸಾಕು. ಇಸ್ತ್ರಿ ವಾರಕ್ಕೊಮ್ಮೆ ಒಟ್ಟಿಗೆ ಮಾಡಿ, ಕೊನೆಯ ಎರಡು ಕರವಸ್ತ್ರಕ್ಕೆ ಸ್ವಿಚ್ ಆರಿಸಿದ ಮೇಲಿನ ಬಿಸಿಯೇ ಆಗುತ್ತದೆ.

ಈಗ ಕಸ: ಮೂರು ಕಡೆ ಮಾಡಿ

ಬೆಂಗಳೂರಿನ ಕಸ ವರ್ಷಗಟ್ಟಲೆ ಮಾವಳ್ಳಿಪುರ, ಮಂಡೂರು ಎಂಬ ಹಳ್ಳಿಗಳ ಪಕ್ಕ ಬೆಟ್ಟವಾಗಿ ಬಿದ್ದಿತ್ತು. ಮಂಡೂರಿನ ಜನ ಹೋರಾಡಿ, 2014ರ ಕೊನೆಗೆ ಅಲ್ಲಿಗೆ ಲಾರಿ ಹೋಗುವುದು ನಿಂತಿತು. ಹಸಿ, ಒಣ ಎಲ್ಲ ಕಲಸಿ ಹೋದ ಕಸ ಕೊಳೆತು ಕಪ್ಪು ನೀರು ಇಳಿದು ಬಾವಿ, ಕೆರೆ ಕೆಟ್ಟಿದ್ದು ಆ ಊರುಗಳವರಿಗೆ ಗೊತ್ತು. 2015ರಲ್ಲಿ ಹೈಕೋರ್ಟ್ ಬೆಂಗಳೂರಿಗೆ ಎರಡು ಬುಟ್ಟಿ, ಒಂದು ಚೀಲದ ಕ್ರಮ ಕಡ್ಡಾಯ ಮಾಡಿತು. ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಸ್ಯಾನಿಟರಿ ಮತ್ತು ಅಪಾಯದ ಕಸ, ಚೀಲಕ್ಕೆ ಒಣ ಕಸ. ಯಾವ ಊರಾದರೂ ಇದೇ ಸುಲಭ.

ಹಸಿ ಕಸದ ಬುಟ್ಟಿಗೆ ಪ್ಲಾಸ್ಟಿಕ್ ಕವರ್ ಹಾಕಬೇಡಿ. ಕೆಳಗೆ ಒಂದು ಹಾಳೆ ನ್ಯೂಸ್‌ಪೇಪರ್ ಹಾಸಿದರೆ ಅಂಟುವುದಿಲ್ಲ. ಸಿಂಕ್‌ನ ಜಾಲರಿಯಲ್ಲಿ ನಿಂತದ್ದನ್ನು ಹಿಂಡಿ ಹಾಕಿ. ನೀರು ಕಡಿಮೆ ಇದ್ದಷ್ಟೂ ವಾಸನೆ ಕಡಿಮೆ.

ಕೆಂಪು ಬುಟ್ಟಿ ವಿಷಯದಲ್ಲಿ ದಯವಿಟ್ಟು ಸೋಮಾರಿತನ ಬೇಡ. ಪ್ಯಾಡ್, ಡೈಪರ್ ಪೇಪರ್‌ನಲ್ಲಿ ಸುತ್ತಿ ಮೇಲೆ ಕೆಂಪು ಪೆನ್ನಿನಲ್ಲಿ ಒಂದು ಗುರುತು ಹಾಕಿ. ಒಡೆದ ಗಾಜು, ಬ್ಲೇಡು ರಟ್ಟಿನಲ್ಲಿ ಸುತ್ತಿ "ಗಾಜು" ಎಂದು ಬರೆದು, ಬುಟ್ಟಿಗೆ ಹಾಕದೆ ಬೇರೆಯಾಗಿ ಕೈಗೆ ಕೊಡಿ. ನಾವು ಬೇರೆ ಮಾಡದೇ ಇದ್ದದ್ದನ್ನು ಪೌರಕಾರ್ಮಿಕರು ಆಟೋ ಪಕ್ಕ ನಿಂತು ಬರಿಗೈಲಿ ಬೇರೆ ಮಾಡುತ್ತಾರೆ. ಮನೆಗೆಲಸಕ್ಕೆ ಬರುವ ಅಕ್ಕನಿಗೂ ಯಾವ ಬುಟ್ಟಿಗೆ ಏನು ಎಂದು ಒಂದು ಸಲ ನಿಂತು ತೋರಿಸಿ. ಬಲ್ಬು, ಸೆಲ್ಲು, ಹಳೇ ಚಾರ್ಜರ್‌ಗೆ ಒಂದು ಶೂ ಡಬ್ಬ ಇಟ್ಟು, ತುಂಬಿದಾಗ ಇ-ತ್ಯಾಜ್ಯ ತಗೊಳ್ಳುವ ಕಡೆ ಕೊಡಿ.

ಒಣ ಕಸದಲ್ಲಿ ನಮ್ಮ ಮನೆಗಳಲ್ಲಿ ದಿನಾ ಬರುವುದು ಹಾಲಿನ ಕವರ್. ಇದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಮೂಲೆ ಕತ್ತರಿಸುವಾಗ ಆ ಪುಟ್ಟ ತ್ರಿಕೋನ ಪೂರ್ತಿ ತುಂಡಾಗಬಾರದು. ಕವರ್‌ಗೇ ಅಂಟಿಕೊಂಡಿರುವ ಹಾಗೆ ಸೀಳಿ. ಉದುರಿದ ಆ ಚೂರನ್ನು ಯಾರೂ ಆರಿಸುವುದಿಲ್ಲ, ಚರಂಡಿಗೋ ಮಣ್ಣಿಗೋ ಸೇರುತ್ತದೆ. ಪಾತ್ರೆಗೆ ಹಾಲು ಬಗ್ಗಿಸಿದ ಮೇಲೆ ಕವರ್‌ಗೆ ಅರ್ಧ ಲೋಟ ನೀರು ಹಾಕಿ ಕುಲುಕಿ, ಆ ನೀರನ್ನು ಗಿಡಕ್ಕೆ ಹಾಕಿ. ಆಮೇಲೆ ಕವರನ್ನು ಸಿಂಕ್ ಮೇಲಿನ ಕೊಕ್ಕೆಗೆ ಸಿಕ್ಕಿಸಿ ಒಣಗಲು ಬಿಡಿ. ಒಣಗಿದ ಕವರನ್ನು ಗುಜರಿಯವರು ತಗೊಳ್ಳುತ್ತಾರೆ. ಹಾಲು ಹುಳಿತು ನಾರುವ ಕವರನ್ನು ಯಾರೂ ಮುಟ್ಟುವುದಿಲ್ಲ. ಎಣ್ಣೆ ಪ್ಯಾಕೆಟ್, ದೋಸೆ ಹಿಟ್ಟಿನ ಕವರ್‌ಗೂ ಇದೇ ದಾರಿ. ತೊಳೆಯಲು ಹೊಸ ನೀರು ಬೇಡ, ಪಾತ್ರೆ ತೊಳೆದ ಕೊನೆಯ ನೀರು ಸಾಕು.

ಚಿಪ್ಸ್, ಬಿಸ್ಕೆಟ್, ಶಾಂಪೂ ಸ್ಯಾಷೆಗಳ ಹೊಳೆಯುವ ಕವರ್‌ಗೆ ಗುಜರಿಯಲ್ಲಿ ಬೆಲೆ ಇಲ್ಲ. ಅದನ್ನು ಕಡಿಮೆ ತರುವುದೊಂದೇ ದಾರಿ. ದಿನಾ ಎರಡು ಸಣ್ಣ ಪ್ಯಾಕೆಟ್ ತರುವ ಬದಲು ಬೇಕರಿಯ ಖಾರ, ಅಂಗಡಿಯ ಕಡಲೆಕಾಯಿ ಡಬ್ಬಿಗೆ ತುಂಬಿಸಿ ತನ್ನಿ. ಹೋಟೆಲ್ ಪಾರ್ಸಲ್‌ಗೆ ಸ್ಟೀಲ್ ಡಬ್ಬಿ ತಗೊಂಡು ಹೋಗಿ. ಬಿಸಿ ಸಾಂಬಾರನ್ನು ತೆಳು ಪ್ಲಾಸ್ಟಿಕ್‌ನಲ್ಲಿ ಕಟ್ಟಿಸಿಕೊಂಡು ಬರುವುದು ನೋಡಿದರೇ ಮೈ ಜುಮ್ಮೆನ್ನುತ್ತದೆ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ 2016ರಲ್ಲೇ ನಿಷೇಧ ಬಂದಿದೆ. ತರಕಾರಿ ಗಾಡಿಗಳಲ್ಲಿ ಅದು ಈಗಲೂ ನೇತಾಡುತ್ತಿರುವುದು ನಾವು ಕೇಳುತ್ತೇವೆ ಎಂದೇ. ಬಟ್ಟೆ ಚೀಲ ಅಡುಗೆಮನೆಯಲ್ಲಿ ಇದ್ದು ಪ್ರಯೋಜನ ಇಲ್ಲ, ಗಾಡಿಯ ಡಿಕ್ಕಿಯಲ್ಲಿ ಇರಬೇಕು.

ಹಳ್ಳಿ ಮನೆಗಳಲ್ಲಿ ಒಂದು ಅಭ್ಯಾಸ ನೋಡುತ್ತೇನೆ. ಬಚ್ಚಲ ಹಂಡೆ ಒಲೆ ಹೊತ್ತಿಸಲು ಪ್ಲಾಸ್ಟಿಕ್ ಕವರ್ ಹಾಕುವುದು. ಬೇಗ ಹೊತ್ತುತ್ತದೆ, ನಿಜ. ಆದರೆ ಆ ಹೊಗೆ ವಿಷ, ಮುಚ್ಚಿದ ಬಚ್ಚಲಲ್ಲಿ ಇನ್ನೂ ಕೆಟ್ಟದ್ದು. ತೆಂಗಿನ ಗರಿ, ಸಿಪ್ಪೆ, ಚಿಪ್ಪು ಇರುವ ಊರಲ್ಲಿ ಪ್ಲಾಸ್ಟಿಕ್ ಯಾಕೆ? ಒಣ ಪ್ಲಾಸ್ಟಿಕ್ ಕೂಡಿಟ್ಟು ಪಂಚಾಯಿತಿಯ ಕಸ ವಿಂಗಡಿಸುವ ಘಟಕದ, ಅಂದರೆ ಸ್ವಚ್ಛ ಸಂಕೀರ್ಣದ, ಗಾಡಿಗೆ ಕೊಡಿ. ಎಷ್ಟೋ ಕಡೆ ಸ್ವಸಹಾಯ ಸಂಘದ ಹೆಂಗಸರೇ ಅದನ್ನು ನಡೆಸುತ್ತಿದ್ದಾರೆ.

ಬುಟ್ಟಿಗೆ ಬೀಳುವ ಮುಂಚೆ

ಹಸಿ ಕಸ ಕಡಿಮೆ ಮಾಡುವ ಕಲೆ ನಮ್ಮ ಅಜ್ಜಿಯರ ಅಡುಗೆಯಲ್ಲೇ ಇದೆ. ಹೀರೇಕಾಯಿ ಸಿಪ್ಪೆ ಚಟ್ನಿ, ಬಾಳೆಕಾಯಿ ಸಿಪ್ಪೆ ಪಲ್ಯ, ಕಲ್ಲಂಗಡಿಯ ಬಿಳಿ ಭಾಗದ ದೋಸೆ, ಹಲಸಿನ ಬೀಜದ ಸಾರು. ಹೀರೇಕಾಯಿಯನ್ನು ಹೆರೆಯುವ ಮುಂಚೆ ತೊಳೆಯಿರಿ, ಆಮೇಲೆ ಅಲ್ಲ. ಸಿಪ್ಪೆಯನ್ನು ಎಣ್ಣೆಯಲ್ಲಿ ಗರಿಗರಿ ಆಗುವಷ್ಟು ಹುರಿದು, ಉದ್ದಿನಬೇಳೆ, ಒಣಮೆಣಸಿನಕಾಯಿ, ಹುಣಸೆ, ತೆಂಗಿನಕಾಯಿ ಜೊತೆ ತರಿತರಿಯಾಗಿ ರುಬ್ಬಿದರೆ ಹೀರೇಕಾಯಿ ಪಲ್ಯಕ್ಕಿಂತ ಇದೇ ಮೊದಲು ಖಾಲಿಯಾಗುತ್ತದೆ.

ಫ್ರಿಡ್ಜ್‌ನಲ್ಲಿ ಕಣ್ಣಿಗೆ ಬೀಳುವ ಒಂದು ಶೆಲ್ಫನ್ನು "ಮೊದಲು ಇದು" ಎಂದು ಬಿಟ್ಟುಕೊಡಿ. ಅರ್ಧ ಕತ್ತರಿಸಿದ ಸೌತೆಕಾಯಿ, ನಿನ್ನೆಯ ಪಲ್ಯ, ಬಾಡಲು ಶುರುವಾದ ಸೊಪ್ಪು ಅಲ್ಲಿಗೆ. ಸಂತೆಗೆ ಹೋಗುವ ಮುಂಚೆ ಆ ಶೆಲ್ಫ್ ಖಾಲಿಯಾಗಬೇಕು. ಕೊತ್ತಂಬರಿ ಸೊಪ್ಪಿನ ಬೇರು ಕತ್ತರಿಸಿ, ತೊಳೆಯದೆ, ಪೇಪರ್‌ನಲ್ಲಿ ಸುತ್ತಿ ಡಬ್ಬಿಯಲ್ಲಿ ಇಟ್ಟರೆ ವಾರ ಬರುತ್ತದೆ.

ನಿಂಬೆ, ಮೋಸಂಬಿ ಸಿಪ್ಪೆಯಿಂದ ನೆಲ ಒರೆಸುವ ದ್ರಾವಣ ಮಾಡಬಹುದು. 100 ಗ್ರಾಂ ಬೆಲ್ಲ, 300 ಗ್ರಾಂ ಸಿಪ್ಪೆ, 1 ಲೀಟರ್ ನೀರು. ಗಾಜಿನದು ಬೇಡ, ಪ್ಲಾಸ್ಟಿಕ್ ಬಾಟಲಿಗೆ ಹಾಕಿ, ಮೇಲೆ ಸ್ವಲ್ಪ ಜಾಗ ಬಿಡಿ. ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡಬೇಕು, ಇಲ್ಲದಿದ್ದರೆ ಬಾಟಲಿ ಉಬ್ಬಿ ಸಿಡಿಯಬಹುದು. ಮೂರು ತಿಂಗಳಾದ ಮೇಲೆ ಸೋಸಿ, ಒರೆಸುವ ನೀರಿಗೆ ಸ್ವಲ್ಪ ಬೆರೆಸಿ.

ಬಾಲ್ಕನಿಯಲ್ಲಿ ಗೊಬ್ಬರ

ಇಷ್ಟಾದರೂ ಉಳಿಯುವ ಸಿಪ್ಪೆಗೆ ಗೊಬ್ಬರವೇ ಗತಿ. ಇದಕ್ಕೆ ತೋಟ ಬೇಕಿಲ್ಲ. 20 ಲೀಟರ್‌ನ ಎರಡು ಹಳೇ ಪೇಂಟ್ ಬಕೆಟ್ ಸಾಕು. ಎಂಥ ಬಾಲ್ಕನಿಯಲ್ಲೂ ಕೂರುತ್ತದೆ.

1. ಬಕೆಟ್ ಚೆನ್ನಾಗಿ ತೊಳೆದು, ಸುತ್ತಲೂ ಒಂದು ಗೇಣಿಗೆ ಒಂದರಂತೆ ತೂತು ಮಾಡಿ. ತಳದಲ್ಲಿ ನಾಲ್ಕೈದು. ಕಾಯಿಸಿದ ಮೊಳೆ ಅಥವಾ ಡ್ರಿಲ್ ಆಗುತ್ತದೆ. ಎರಡು ಇಟ್ಟಿಗೆ ಮೇಲೆ ಕೂರಿಸಿ ಕೆಳಗೆ ಹಳೇ ತಟ್ಟೆ ಇಡಿ.

2. ತಳಕ್ಕೆ ನಾಲ್ಕು ಬೆರಳು ದಪ್ಪ ತರಗೆಲೆ ಅಥವಾ ತೆಂಗಿನ ನಾರು.

3. ದಿನದ ಸಿಪ್ಪೆಯನ್ನು ನೀರು ಬಸಿದು, ದೊಡ್ಡದಿದ್ದರೆ ಕತ್ತರಿಸಿ ಹಾಕಿ. ಮೇಲೆ ಅದರ ಎರಡರಷ್ಟು ತರಗೆಲೆ ಪುಡಿಮಾಡಿ ಮುಚ್ಚಿ. ಎಲೆ ಸಿಗದಿದ್ದರೆ ಎರಡು ಹಿಡಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ). ಮೇಲೆ ಸಿಪ್ಪೆ ಕಾಣಿಸಬಾರದು. ಕಂಡರೆ ನೊಣ ಬರುತ್ತದೆ.

4. ಮೊದಲ ಸಲ ಒಂದು ಲೋಟ ಹುಳಿ ಮಜ್ಜಿಗೆ ಅಥವಾ ಒಂದು ಹಿಡಿ ಹಳೇ ಗೊಬ್ಬರ ಸೇರಿಸಿ. ಅಂಗಡಿಯ ಪುಡಿ ಕೊಳ್ಳಲೇಬೇಕು ಎಂದೇನಿಲ್ಲ.

5. ವಾರಕ್ಕೆ ಎರಡು ಮೂರು ಸಲ ಕೋಲಿನಿಂದ ತಳದವರೆಗೆ ತಿರುವಿ. ಗಾಳಿ ಆಡಬೇಕು.

6. ತುಂಬಿದ ಮೇಲೆ ಅದನ್ನು ಮೂಲೆಗೆ ಸರಿಸಿ ಎರಡನೇ ಬಕೆಟ್ ಶುರು ಮಾಡಿ. ಎರಡು ತಿಂಗಳ ಹೊತ್ತಿಗೆ ಮೊದಲನೆಯದು ಕಪ್ಪಗೆ, ಅರ್ಧಕ್ಕಿಂತ ಕೆಳಗೆ ಇಳಿದಿರುತ್ತದೆ.

ನೀರಿನ ಅಳತೆಗೆ ಕೈಯೇ ಮಾಪಕ. ಒಂದು ಮುಷ್ಟಿ ತೆಗೆದು ಹಿಂಡಿ. ಬೆರಳ ಸಂದಿಯಿಂದ ಒಂದೆರಡು ಹನಿ ಬಂದರೆ ಸರಿ. ಧಾರೆ ಇಳಿದರೆ ಒದ್ದೆ ಜಾಸ್ತಿ, ಎಲೆ ಹಾಕಿ ತಿರುವಿ. ಮುಷ್ಟಿ ಬಿಚ್ಚಿದ ಕೂಡಲೇ ಪುಡಿಯಾಗಿ ಉದುರಿದರೆ ಒಣಗಿದೆ, ಸ್ವಲ್ಪ ಅಕ್ಕಿ ತೊಳೆದ ನೀರು ಚಿಮುಕಿಸಿ. ಕೊಳೆತ ವಾಸನೆ ಬಂದರೂ ಮದ್ದು ಅದೇ: ಎಲೆ, ತಿರುವು. ಬಿಳಿ ಬೂಷ್ಟು ಕಂಡು ಹೆದರಬೇಡಿ, ಅದು ಕೆಲಸ ಮಾಡುತ್ತಿದೆ. ಇರುವೆ ಬಂದರೆ ಒಣಗಿದೆ ಎಂದರ್ಥ. ದಪ್ಪ ಹುಳುಗಳು ಬಂದರೆ ಎಷ್ಟೋ ಜನ ಅಂದೇ ಬಕೆಟ್ ಎಸೆಯುತ್ತಾರೆ. ಅವು ಒಂದು ಜಾತಿಯ ನೊಣದ ಮರಿಗಳು, ಕಚ್ಚುವುದಿಲ್ಲ, ಸಿಪ್ಪೆಯನ್ನು ನಮಗಿಂತ ಬೇಗ ಮುಗಿಸುತ್ತವೆ. ನೋಡಲು ಆಗದಿದ್ದರೆ ಒಣ ಎಲೆ ಜಾಸ್ತಿ ಹಾಕಿ, ಕಡಿಮೆಯಾಗುತ್ತವೆ.

ಮೂಳೆ, ಮಾಂಸ, ಎಣ್ಣೆ ಪದಾರ್ಥ, ಮೊಸರನ್ನ, ತೆಂಗಿನ ಚಿಪ್ಪು, ಮಾವಿನ ವಾಟೆ ಈ ಬಕೆಟ್‌ಗೆ ಬೇಡ. ಅಡಿಕೆ ಹಾಳೆ ತಟ್ಟೆ ಹಾಗೇ ಹಾಕಿದರೆ ಬೇಗ ಕರಗುವುದಿಲ್ಲ. ನೆನೆಸಿ ಚೂರು ಮಾಡಬೇಕು. ಪೂಜೆಯ ಹೂವು ಬಹಳ ಒಳ್ಳೆಯದು, ಅದರೊಳಗಿನ ದಾರ ಮಾತ್ರ ಬಿಡಿಸಿ ಹಾಕಿ.

ತರಗೆಲೆ ಎಲ್ಲಿಂದ ತರುವುದು? ಶಿವರಾತ್ರಿ ಹೊತ್ತಿಗೆ ಹೊಂಗೆ, ಬೇವಿನ ಮರಗಳು ರಸ್ತೆ ತುಂಬ ಎಲೆ ಉದುರಿಸುತ್ತವೆ. ಗುಡಿಸಿ ಬೆಂಕಿ ಹಚ್ಚುವ ಮುಂಚೆ ಎರಡು ಗೋಣಿಚೀಲ ತುಂಬಿಟ್ಟುಕೊಳ್ಳಿ. ಗುಡಿಸುವವರಿಗೆ ಮೊದಲೇ ಹೇಳಿಟ್ಟರೆ ಅವರೇ ಕಟ್ಟಿ ಇಡುತ್ತಾರೆ, ಕೈಗೆ ಕಾಫಿ ದುಡ್ಡು ಕೊಡಿ. ಮಳೆಗಾಲದಲ್ಲಿ ಒಣ ಎಲೆಗೆ ಹುಡುಕಾಡುವಾಗ ಆ ಚೀಲಗಳ ಬೆಲೆ ಗೊತ್ತಾಗುತ್ತದೆ.

ಮಣ್ಣಿನ ವಾಸನೆ ಬಂದು, ಯಾವ ಸಿಪ್ಪೆ ಎಂದು ಗುರುತು ಸಿಗದ ಹಾಗಾದರೆ ಗೊಬ್ಬರ ತಯಾರು. ಒಂದೆರಡು ದಿನ ನೆರಳಲ್ಲಿ ಹರವಿ ಜರಡಿ ಹಿಡಿಯಿರಿ. ಮೇಲೆ ನಿಂತ ಒರಟು ಚೂರನ್ನು ಮುಂದಿನ ಬಕೆಟ್‌ಗೆ ಹಾಕಿ, ಅದಕ್ಕೆ ಮಜ್ಜಿಗೆ ಬೇಕಾಗುವುದಿಲ್ಲ. ಕುಂಡಕ್ಕೆ ಮೂರು ಪಾಲು ಮಣ್ಣಿಗೆ ಒಂದು ಪಾಲು ಗೊಬ್ಬರ ಸಾಕು. ಗಿಡ ಇಲ್ಲದವರು ಪಕ್ಕದ ಮನೆಯವರನ್ನು ಕೇಳಿ ನೋಡಿ. ಅಂಗಡಿಯಲ್ಲಿ ಕೆ.ಜಿ. ಲೆಕ್ಕದಲ್ಲಿ ದುಡ್ಡು ಕೊಟ್ಟು ತರುವ ವಸ್ತು ಅದು, ಬೇಡ ಎನ್ನುವವರು ಕಡಿಮೆ.